ಗಸಗಸೆಯ ಮೇಲೆ ನಡೆದ ಗಿನಿಕೋಳಿ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಡ್ಯೂವರ್ಸ್ ಫಾರ್ಮ್ ಎಂಬ ಸುಣ್ಣಕಲ್ಲಿನ ಕ್ವಾರಿ ಇದೆ. ಅಲ್ಲಿ ಮೇಲಿನ ಜೇಡಿಮಣ್ಣು ಕೆರೆದು ತೆಗೆಯುತ್ತಿದ್ದ ಡ್ರೈವರ್‌ಗೆ ಯಂತ್ರದ ಬಕೆಟ್ಟಿನಡಿ ಏನೋ ಉಬ್ಬು ಸಿಕ್ಕಿತು. ಸ್ವಲ್ಪ ಮುಂದೆ ಇನ್ನೊಂದು. ಅದರಾಚೆ ಮತ್ತೊಂದು, ಹೆಚ್ಚುಕಮ್ಮಿ ಅಷ್ಟೇ ಅಂತರಕ್ಕೆ. 2024ರ ಜೂನ್‌ನಲ್ಲಿ ಆಕ್ಸ್‌ಫರ್ಡ್ ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಗಳಿಂದ ನೂರಕ್ಕೂ ಹೆಚ್ಚು ಜನ ಬಂದು, ಕುಕ್ಕರುಗಾಲಲ್ಲಿ ಕೂತು ಮಣ್ಣು ಸರಿಸಿದಾಗ ಸುಮಾರು 200 ಡೈನೋಸಾರ್ ಹೆಜ್ಜೆಗಳು ಹೊರಬಂದವು. ಐದು ಹೆಜ್ಜೆಸಾಲು. ಉದ್ದದ್ದು 150 ಮೀಟರಿಗೂ ಮೀರಿ ಹೋಗುತ್ತದೆ. ವಯಸ್ಸು 16.6 ಕೋಟಿ ವರ್ಷ.

ಸುದ್ದಿ ಪೇಪರಿಗೆ ಬಂದದ್ದು 2025ರ ಜನವರಿಯಲ್ಲಿ. ಬೆಂಗಳೂರಿನಲ್ಲಿರುವ ತಮ್ಮನ ಮಗಳು ಫೋಟೋ ಕಳಿಸಿ, "ದೊಡ್ಡಪ್ಪ, ನೀವು ಹುಲಿ ಹೆಜ್ಜೆ ಅಚ್ಚು ತೆಗೀತಿದ್ರಲ್ಲ, ಇದಕ್ಕೆ ಎಷ್ಟು ಚೀಲ ಪ್ಲಾಸ್ಟರ್ ಬೇಕಾಗಬಹುದು?" ಅಂತ ಕೇಳಿದಳು. ತಮಾಷೆಗೆ ಕೇಳಿದ್ದು. ನಾನು ಫೋಟೋ ದೊಡ್ಡದು ಮಾಡಿ ನೋಡುತ್ತಾ ಕೂತೆ, ಅವಳಿಗೆ ಉತ್ತರ ಕೊಡಲು ಮರೆತೇಬಿಟ್ಟೆ. ಅಲ್ಲಿಂದ ಶುರುವಾದ ಓದು ಇದು.

ನಾನು ಅರಣ್ಯ ಇಲಾಖೆಗೆ ಗಾರ್ಡ್ ಆಗಿ ಸೇರಿ, ಫಾರೆಸ್ಟರ್ ಆಗಿ ನಿವೃತ್ತನಾದವನು. ಭದ್ರಾ, ಶೆಟ್ಟಿಹಳ್ಳಿ, ಆಗುಂಬೆ ಅಂತ ಸುತ್ತಿದ್ದಾಯಿತು. ಈಗ ತೀರ್ಥಹಳ್ಳಿ ಕಡೆ ಸಣ್ಣದೊಂದು ಅಡಿಕೆ ತೋಟ. ನಮ್ಮ ಕಾಲದಲ್ಲಿ ಹುಲಿಗಣತಿ ಎಂದರೆ ಹೆಜ್ಜೆಗಣತಿ. ಸಂಜೆಯೇ ಕಾಡುರಸ್ತೆಯ ಧೂಳನ್ನು ಸೊಪ್ಪಿನ ಬರಲಲ್ಲಿ ಗುಡಿಸಿ ಬರುವುದು, ಬೆಳಗಾಗುವ ಮುಂಚೆ ವಾಚರ್ ಜತೆ ಹೋಗಿ ನೋಡುವುದು. ಹೆಜ್ಜೆ ಸಿಕ್ಕಿದರೆ ಮೇಲೆ ಗಾಜು ಇಟ್ಟು ಸ್ಕೆಚ್ ಪೆನ್ನಲ್ಲಿ ಗೆರೆ ಎಳೆಯುವುದು, ಅಲ್ಲಿಂದ ಕಾಗದಕ್ಕೆ ಇಳಿಸುವುದು. ಹೆಜ್ಜೆ ಚೆನ್ನಾಗಿದ್ದರೆ ಸುತ್ತ ತಗಡಿನ ಪಟ್ಟಿ ಕಟ್ಟಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಹೊಯ್ಯುವುದು. ಎಡಗಡೆಯ ಹಿಂಗಾಲೇ ಆಗಬೇಕು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿಯವರು 1960ರ ದಶಕದಲ್ಲಿ ರೂಪಿಸಿದ ಪದ್ಧತಿ ಅದು, ದೇಶವೆಲ್ಲ ಹಾಗೇ ಎಣಿಸುತ್ತಿತ್ತು.

ಪದ್ಧತಿ ಬಿದ್ದುಹೋದದ್ದು ಯಾಕೆ ಎನ್ನುವುದು ನನಗೆ ಡೈನೋಸಾರ್ ಓದುವಾಗ ಬಹಳ ಉಪಯೋಗಕ್ಕೆ ಬಂತು. ಒಂದೇ ಹುಲಿ ನುಣ್ಣನೆಯ ಧೂಳಿನಲ್ಲಿ ಒಂದು ಅಳತೆಯ ಹೆಜ್ಜೆ ಬಿಡುತ್ತದೆ, ಹಳ್ಳದ ಅಂಚಿನ ಕೆಸರಿನಲ್ಲಿ ಇನ್ನೊಂದು ಅಳತೆಯದ್ದು. ಇಳಿಜಾರಿನಲ್ಲಿ ಬೆರಳು ಹರಡುತ್ತವೆ. ಅವಸರದಲ್ಲಿದ್ದರೆ ಮುಂಭಾಗ ಆಳವಾಗಿ ಒತ್ತುತ್ತದೆ. ಗೆರೆ ಎಳೆಯುವವನ ಕೈ ಬೇರೆ ಇದೆ, ಒಬ್ಬ ಗುಳಿಯ ಒಳಅಂಚಿಗೆ ಎಳೆದರೆ ಇನ್ನೊಬ್ಬ ಹೊರಅಂಚಿಗೆ. ಉಲ್ಲಾಸ ಕಾರಂತರು 1990ರ ದಶಕದಲ್ಲೇ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆ ನೋಡಿ ಹುಲಿ ಗುರುತಿಸುತ್ತಿದ್ದರು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂದು ಗೊತ್ತಾಗಿ ಗಲಾಟೆಯಾದ ಮೇಲೆ ದೇಶಕ್ಕೇ ಕ್ಯಾಮೆರಾ ಬಂತು. ಹೆಜ್ಜೆಯನ್ನು ಯಾರೂ ಬಿಟ್ಟುಬಿಡಲಿಲ್ಲ, ಇಲ್ಲಿ ಹುಲಿ ಓಡಾಡಿದೆ ಎನ್ನಲು ಈಗಲೂ ಅದೇ ಆಧಾರ. ಇಂಥದೇ ಹುಲಿ ಎಂದು ಹೇಳುವ ಕೆಲಸ ಮಾತ್ರ ಅದರಿಂದ ಕಿತ್ತುಕೊಂಡರು.

ಹೆಜ್ಜೆ ಎನ್ನುವುದು ಪಾದದ ನಕಲು ಅಲ್ಲ. ಪಾದ, ನೆಲ, ನಡೆದ ರೀತಿ ಮೂರೂ ಸೇರಿ ಆದದ್ದು. ಡೈನೋಸಾರ್ ಹೆಜ್ಜೆಯ ಬಗ್ಗೆ ಓದುವಾಗ ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಅರ್ಧ ಗೊಂದಲ ಕಮ್ಮಿ.

ಮೂಳೆಯ ಬಗ್ಗೆ ನನಗೆ ಅಗೌರವ ಇಲ್ಲ. ಆದರೆ ಮೂಳೆ ಸಿಕ್ಕ ಜಾಗ ಪ್ರಾಣಿ ಬದುಕಿದ ಜಾಗವೇ ಆಗಬೇಕಿಲ್ಲ. ಮಳೆಗಾಲದಲ್ಲಿ ತುಂಗೆಯ ಹೊಳೆಯಲ್ಲಿ ಏನೇನು ತೇಲಿ ಬರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಹೆಜ್ಜೆ ಹಾಗೆ ತೇಲುವುದಿಲ್ಲ. ಅದಿರುವ ಜಾಗದಲ್ಲಿ ಆ ಪ್ರಾಣಿ ಜೀವಂತ ನಿಂತಿತ್ತು, ಅಷ್ಟು ಖಾತ್ರಿ.

ಒಂದು ಕಾಲದ ಚಿತ್ರಗಳಲ್ಲಿ ಡೈನೋಸಾರ್‌ಗಳು ಬಾಲ ಎಳೆದುಕೊಂಡು ತೆವಳುವ ಸೋಮಾರಿಗಳು. ಉಡ ನಡೆದು ಹೋದ ಜಾಗ ನೋಡಿದವರಿಗೆ ಗೊತ್ತು, ಎರಡು ಸಾಲು ಪಂಜದ ನಡುವೆ ಬಾಲದ ಗೆರೆ ಹಾವಿನ ಹಾಗೆ ಹೋಗಿರುತ್ತದೆ. ಡೈನೋಸಾರ್ ಹೆಜ್ಜೆಸಾಲುಗಳು ಸಾವಿರಗಟ್ಟಲೆ ಸಿಕ್ಕಿವೆ, ಬಾಲದ ಗೆರೆ ಇರುವವು ಬಹಳ ಅಪರೂಪ. ಅಂದರೆ ಬಾಲ ನೆಲ ಬಿಟ್ಟು ಮೇಲಿತ್ತು. ಎಡ ಬಲ ಹೆಜ್ಜೆಗಳೂ ಇಕ್ಕಟ್ಟಾಗಿ ಹೆಚ್ಚುಕಮ್ಮಿ ಒಂದೇ ಗೆರೆಯ ಮೇಲೆ ಬೀಳುತ್ತವೆ, ಮೊಸಳೆಯ ಹಾಗೆ ಅತ್ತಿತ್ತ ಚಾಚಿಲ್ಲ. ಕಾಲು ಮೈಯ ಕೆಳಗೇ ನೆಟ್ಟಗಿದ್ದವು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮ್ಯೂಸಿಯಂಗಳು ಬಾಲವನ್ನು ನೆಲದಿಂದ ಎತ್ತಿ ಮತ್ತೆ ಜೋಡಿಸಿದವು.

ನನಗೆ ಬಹಳ ಹಿಡಿಸಿದ್ದು ಅಮೆರಿಕದ ಯೂಟಾ ರಾಜ್ಯದ ಸೇಂಟ್ ಜಾರ್ಜ್‌ನಲ್ಲಿ ಸಿಕ್ಕದ್ದು. 2000ದಲ್ಲಿ ನಿವೃತ್ತ ಕಣ್ಣಿನ ಡಾಕ್ಟರೊಬ್ಬರು ತಮ್ಮ ಜಮೀನು ಸಮ ಮಾಡಿಸುವಾಗ ಎದ್ದು ಬಂದ ಕಲ್ಲುಚಪ್ಪಡಿಗಳ ಅಡಿಯಲ್ಲಿ ಹೆಜ್ಜೆಗಳಿದ್ದವು. ಅಲ್ಲಿ ಒಂದು ಮಾಂಸಾಹಾರಿ ಡೈನೋಸಾರ್ ನಡೆಯುತ್ತಾ ಬಂದು, ಕೂತು, ಎದ್ದು ಹೋಗಿದೆ. ಕೂತ ಜಾಗದಲ್ಲಿ ಪೃಷ್ಠದ ಗುರುತು, ಹಿಂಗಾಲಿನ ಹಿಮ್ಮಡಿಯ ಗುರುತು, ಬಾಲ ತಾಗಿದ್ದು, ಎರಡು ಕೈ ಊರಿದ್ದು ಎಲ್ಲ ಇವೆ. ಅಂಗೈ ನೆಲಕ್ಕೆ ಮುಖ ಮಾಡಿಲ್ಲ. ಒಂದಕ್ಕೊಂದು ಎದುರಾಗಿ, ಒಳಕ್ಕೆ ತಿರುಗಿವೆ. ಸಿನಿಮಾದಲ್ಲಿ ತೋರಿಸುವ ಹಾಗೆ ಅಂಗೈ ಕೆಳಮುಖವಾಗಿ ಜೋತುಬಿಟ್ಟುಕೊಂಡು ಓಡಾಡುವ ಡೈನೋಸಾರ್ ತಪ್ಪು ಎಂದು ಒಂದು ಕ್ಷಣದ ವಿಶ್ರಾಂತಿ ಹೇಳಿಬಿಟ್ಟಿತು. ಮುತ್ತೋಡಿ ಕಡೆ ಕಾಡುರಸ್ತೆಯ ಮೇಲೆ ಹುಲಿ ಕೂತೆದ್ದ ಗುರುತು ನೋಡಿದ್ದೇನೆ. ತೊಡೆ ಒತ್ತಿದ ಗುಳಿ, ಹೊಟ್ಟೆಯ ರೋಮ ಧೂಳಿನಲ್ಲಿ ಎಳೆದ ಸಣ್ಣ ಗೆರೆಗಳು, ಒಂದು ಕಡೆ ಬಾಲ ಆಡಿಸಿದ ಕಮಾನು. ಹತ್ತು ಸಲ ಹುಲಿ ನೋಡಿದ್ದಕ್ಕಿಂತ ಆ ಗುರುತು ನನಗೆ ಹೆಚ್ಚು ನೆನಪಿದೆ.

ಬೆಕ್ಕಿನ ಜಾತಿಯ ಹೆಜ್ಜೆಯಲ್ಲಿ ಉಗುರು ಕಾಣದು, ನಾಯಿ ಜಾತಿಯದ್ದರಲ್ಲಿ ಕಾಣುತ್ತದೆ. ಇದು ಗಾರ್ಡ್ ಕೆಲಸದ ಮೊದಲ ಪಾಠ. ಉಗುರನ್ನು ಹರಿತವಾಗಿ ಇಟ್ಟುಕೊಳ್ಳಬೇಕಾದವನು ನೆಲಕ್ಕೆ ತಾಗಿಸಿ ಸವೆಸುವುದಿಲ್ಲ. ಡೈನೋಸಾರ್‌ಗಳಲ್ಲಿ ಕುಡುಗೋಲಿನಂಥ ಉಗುರು ಇದ್ದ ಒಂದು ಗುಂಪು ಇತ್ತು, ರ‍್ಯಾಪ್ಟರ್ ಎಂದು ಮಕ್ಕಳೆಲ್ಲ ಹೇಳುತ್ತಾರಲ್ಲ, ಅವು. ಪಾದದಲ್ಲಿ ಆ ಉಗುರಿನ ಬೆರಳನ್ನು ಮೇಲೆತ್ತಿ ನಡೆಯುತ್ತಿದ್ದವೇ ಎನ್ನುವುದು ಮೂಳೆ ನೋಡಿ ಮಾಡಿದ ಊಹೆಯಾಗಿತ್ತು. ಚೀನಾದ ಶಾಂಡಾಂಗ್‌ನಲ್ಲಿ ಎರಡೇ ಬೆರಳಿನ ಹೆಜ್ಜೆಗಳು ಸಿಕ್ಕಿ, 2008ರಲ್ಲಿ ಅದರ ವರದಿ ಬಂತು. ಮೂರನೇ ಬೆರಳು ನೆಲ ಮುಟ್ಟಿಲ್ಲ. ಆರು ಪ್ರಾಣಿಗಳ ಸಾಲು, ಒಂದೇ ದಿಕ್ಕಿಗೆ, ಅಕ್ಕಪಕ್ಕದಲ್ಲಿ.

ಈಗ ವೇಗದ ಲೆಕ್ಕ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಹಳೆಯ ಮಾವುತರು ಯಾರನ್ನಾದರೂ ಕೇಳಿ: ಮುಂಗಾಲಿನ ಹೆಜ್ಜೆಯ ಸುತ್ತಳತೆಗೆ ಹಗ್ಗ ಹಿಡಿದು, ಅದನ್ನು ಎರಡು ಪಟ್ಟು ಮಾಡಿದರೆ ಆನೆಯ ಭುಜದ ಎತ್ತರ. ಸುತ್ತಳತೆ 135 ಸೆಂಟಿಮೀಟರ್ ಇದ್ದರೆ ಆನೆ ಸುಮಾರು 2.7 ಮೀಟರ್. ಕಾಡಿನಲ್ಲಿ ಆನೆ ಕಾಣದೆಯೂ ಅಳೆಯಬಹುದು. ಲೀಡ್ಸ್ ವಿಶ್ವವಿದ್ಯಾಲಯದ ಆರ್. ಮೆಕ್‌ನೀಲ್ ಅಲೆಕ್ಸಾಂಡರ್ ಎಂಬ ಪ್ರಾಣಿಶಾಸ್ತ್ರಜ್ಞರು 1976ರಲ್ಲಿ ಡೈನೋಸಾರ್‌ಗೆ ಇಂಥದೇ ಒಂದು ಲೆಕ್ಕ ಕೊಟ್ಟರು. ಪಾದದ ಉದ್ದಕ್ಕೆ ನಾಲ್ಕು ಪಟ್ಟು ಹಾಕಿದರೆ ಸೊಂಟದ ಎತ್ತರ. ಅದೇ ಕಾಲು ಮತ್ತೆ ನೆಲ ಮುಟ್ಟುವ ತನಕದ ದೂರ ಅಳೆದರೆ ದಾಪು. ದಾಪು ಮತ್ತು ಸೊಂಟದ ಎತ್ತರ ಎರಡೂ ಗೊತ್ತಾದರೆ ವೇಗ ಬರುತ್ತದೆ. ಹಡಗಿನ ಸಣ್ಣ ಮಾದರಿ ನೋಡಿ ದೊಡ್ಡ ಹಡಗು ನೀರಿನಲ್ಲಿ ಹೇಗೆ ಹೋದೀತು ಎಂದು ಲೆಕ್ಕ ಹಾಕಲು ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ 19ನೇ ಶತಮಾನದಲ್ಲಿ ಬಳಸಿದ ಒಂದು ಅನುಪಾತ ಇತ್ತು. ಅಲೆಕ್ಸಾಂಡರ್ ಅದನ್ನೇ ಕಾಲಿಗೆ ತಂದರು. ಬದುಕಿರುವ ಸಣ್ಣ ದೊಡ್ಡ ಪ್ರಾಣಿಗಳ ನಡಿಗೆ ಓಟಗಳೆಲ್ಲ ಆ ಅನುಪಾತದಲ್ಲಿ ಹೆಚ್ಚುಕಮ್ಮಿ ಒಂದೇ ಗೆರೆಗೆ ಬಂದು ಕೂತವು.

ನಾನೂ ಒಂದು ಹಾಕಿ ನೋಡಿದೆ. ಪಾದ ಅರ್ಧ ಮೀಟರ್, ಸೊಂಟ ಎರಡು ಮೀಟರ್, ದಾಪು 2.6 ಮೀಟರ್ ಅಂತ ಇಟ್ಟುಕೊಳ್ಳಿ. ಬರುವ ಉತ್ತರ ಗಂಟೆಗೆ ಸುಮಾರು 6 ಕಿಲೋಮೀಟರ್. ಬಸ್ಸು ಹೊರಟೀತು ಅಂತ ನಾವು ಸ್ಟ್ಯಾಂಡಿಗೆ ಬಿರಬಿರನೆ ನಡೆಯುವ ವೇಗ, ಅಷ್ಟೇ. ಬಹುಪಾಲು ಹೆಜ್ಜೆಸಾಲುಗಳು ಇಂಥವೇ. ಟಿವಿಯಲ್ಲಿ ಇಪ್ಪತ್ನಾಲ್ಕು ಗಂಟೆ ಗರ್ಜಿಸಿಕೊಂಡು ಓಡುವ ಪ್ರಾಣಿಗಳು ನಿಜದಲ್ಲಿ ದಿನವೆಲ್ಲ ನಡೆಯುತ್ತಿದ್ದವು. ಆಶ್ಚರ್ಯ ಇಲ್ಲ, ಯಾವ ಪ್ರಾಣಿ ಸುಮ್ಮಸುಮ್ಮನೆ ಓಡುತ್ತದೆ? ಓಡಿದವೂ ಇವೆ. ಸ್ಪೇನಿನ ಲಾ ರಿಯೋಹಾದಲ್ಲಿ ಮೂರು ಬೆರಳಿನ ಮಾಂಸಾಹಾರಿಯ ಒಂದು ಹೆಜ್ಜೆಸಾಲಿಗೆ ಗಂಟೆಗೆ 31.7ರಿಂದ 44.6 ಕಿಲೋಮೀಟರ್ ಎಂದು 2021ರಲ್ಲಿ ಲೆಕ್ಕ ಹಾಕಿದರು. ಒಂದು ಸಂಖ್ಯೆ ಹೇಳದೆ ಇಷ್ಟರಿಂದ ಇಷ್ಟು ಎಂದು ಹೇಳಿದ್ದು ನೋಡಿ ಆ ವಿಜ್ಞಾನಿಗಳ ಮೇಲೆ ನನಗೆ ವಿಶ್ವಾಸ ಬಂತು. ಸೊಂಟದ ಎತ್ತರವೇ ಅಂದಾಜು, ಪಾದದ ಉದ್ದವೂ ಮಣ್ಣಿನ ಮೇಲೆ ನಿಂತದ್ದು. ಆದ್ದರಿಂದ ವೇಗ ಒಂದು ಅಂಕಿಗೆ ಗೂಟ ಹೊಡೆದು ನಿಲ್ಲುವುದಿಲ್ಲ.

ಮಣ್ಣಿನ ವಿಷಯಕ್ಕೇ ಬರೋಣ, ನನಗೆ ಅದೇ ಇಷ್ಟ.

ಆನೆ ಹೆಜ್ಜೆಯ ಅಂಚನ್ನು ಕತ್ತಿಯಲ್ಲಿ ಕಡಿದು ನೋಡಿದರೆ ಮೇಲಿನ ಪದರ ಮಾತ್ರ ಒತ್ತಿರುವುದಿಲ್ಲ. ಕೆಳಗಿನ ಪದರಗಳೂ ಬಗ್ಗಿರುತ್ತವೆ, ಆಳಕ್ಕೆ ಹೋದಂತೆ ಮಸುಕಾಗುತ್ತಾ. ಲಕ್ಷಾಂತರ ವರ್ಷ ಕಳೆದು ಅದು ಕಲ್ಲಾಗಿ, ಮೇಲಿನ ಪದರ ಸವೆದು ಹೋದರೆ ನಮ್ಮ ಕಣ್ಣಿಗೆ ಬೀಳುವುದು ಆ ಕೆಳಗಿನ ಮಸುಕು ಗುರುತು. ಪಾದ ಅದನ್ನು ಮುಟ್ಟೇ ಇಲ್ಲ. ಇದನ್ನು ಅಡಿಹೆಜ್ಜೆ ಎನ್ನಬಹುದು. ಟೆಕ್ಸಾಸ್‌ನ ಮಾಯನ್ ರಾಂಚ್ ಎಂಬಲ್ಲಿ ನೀಳಕತ್ತಿನ ದೊಡ್ಡ ಸಸ್ಯಾಹಾರಿಯೊಂದರ ಹೆಜ್ಜೆಸಾಲು ಸಿಕ್ಕಿತು. ಈ ಜಾತಿಯವಕ್ಕೆ ಹಿಂಗಾಲು ದೊಡ್ಡದು, ಮುಂಗಾಲು ಅರ್ಧಚಂದ್ರಾಕಾರದ ಸಣ್ಣದು. ನಮ್ಮ ಆನೆಗೆ ತಿರುಗಾಮುರುಗಾ, ಮುಂಗಾಲೇ ದುಂಡಗೆ ದೊಡ್ಡದು. ಮಾಯನ್ ರಾಂಚ್‌ನಲ್ಲಿ ಮುಂಗಾಲಿನ ಗುರುತುಗಳೇ ಸಾಲಾಗಿ ಇದ್ದವು, ಹಿಂಗಾಲಿನದ್ದು ಇಲ್ಲವೆನ್ನುವಷ್ಟು. ನ್ಯೂಯಾರ್ಕ್ ಮ್ಯೂಸಿಯಂನ ರೋಲೆಂಡ್ ಬರ್ಡ್ 1940ರ ದಶಕದಲ್ಲಿ ಅದನ್ನು ನೋಡಿ, ಪ್ರಾಣಿ ನೀರಿನಲ್ಲಿ ತೇಲುತ್ತಾ ಮುಂಗಾಲಿನಿಂದ ತಳವನ್ನು ಒತ್ತಿಕೊಂಡು ಹೋಗಿದೆ ಎಂದರು. ಚಂದದ ಚಿತ್ರ. ದಶಕಗಟ್ಟಲೆ ಅದೇ ನಡೆಯಿತು, ಅಷ್ಟು ದೊಡ್ಡ ಮೈ ನೀರಿಲ್ಲದೆ ನಿಲ್ಲದು ಎನ್ನುವವರಿಗೆ ಅದು ಸಾಕ್ಷಿಯೂ ಆಯಿತು. ಆಮೇಲೆ ಬಂದವರು ಸರಳವಾದದ್ದೊಂದನ್ನು ಕೇಳಿದರು. ಇದು ಅಡಿಹೆಜ್ಜೆ ಆಗಿದ್ದರೆ? ಸಣ್ಣ ಮುಂಗಾಲಿನ ಮೇಲೆ ಬಿದ್ದ ಭಾರ ಕೆಳಪದರದವರೆಗೆ ಒತ್ತಿತು, ಅಗಲವಾದ ಹಿಂಗಾಲಿನದ್ದು ಅಷ್ಟು ಆಳಕ್ಕೆ ಇಳಿಯಲಿಲ್ಲ. ತೇಲುವ ಕಥೆ ಬೇಡವೇ ಬೇಡ. ಪ್ರಾಣಿ ನೆಲದ ಮೇಲೆ ತನ್ನ ಪಾಡಿಗೆ ನಾಲ್ಕೂ ಕಾಲಲ್ಲಿ ನಡೆದು ಹೋಗಿದೆ.

ಇನ್ನು ಗಸಗಸೆ. ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ 20 ಕೋಟಿ ವರ್ಷಕ್ಕೂ ಹಿಂದಿನ ಹೆಜ್ಜೆಗಳಿವೆ. ಗಟ್ಟಿ ನೆಲದಲ್ಲಿ ನಡೆದವು ಅಚ್ಚುಕಟ್ಟಾಗಿ ಮೂರು ಬೆರಳು ತೋರಿಸುತ್ತವೆ. ಕಡುಬಿನ ಹಿಟ್ಟಿನ ಹದದ ಕೆಸರಿನಲ್ಲಿ ನಡೆದವು ಮಾತ್ರ ಯಾವುದೋ ಬೇರೆ ಪ್ರಾಣಿಯವು ಅನ್ನಿಸುವಷ್ಟು ವಿಕಾರ: ಸೀಳುಗಳು, ಹಿಂಬೆರಳಿನ ಗುರುತು, ಮುಂದೆ ಒಂದು ತೂತು. ಸ್ಟೀಫನ್ ಗೇಟ್ಸಿ ಮತ್ತು ಸಂಗಡಿಗರು ಟರ್ಕಿ ಕೋಳಿ, ಗಿನಿಕೋಳಿಗಳನ್ನು ಬೇರೆಬೇರೆ ಹದದ ಕೆಸರಿನಲ್ಲಿ ನಡೆಸಿ ಹೋಲಿಸಿದರು. ಕಾಲು ಕೆಸರಿಗೆ ಇಳಿಯುವಾಗ ಬೆರಳು ಅಗಲಿಸಿ ಇಳಿಯುತ್ತದೆ, ಎತ್ತುವಾಗ ಬೆರಳುಗಳನ್ನು ಒಟ್ಟಿಗೆ ಮಡಿಸಿ ಮುಂದಿನಿಂದ ಎಳೆದುಕೊಳ್ಳುತ್ತದೆ. ಆ ತೂತು ಪಾದ ಹೊರಬಂದ ದಾರಿ. ಗ್ರೀನ್‌ಲ್ಯಾಂಡಿನ ವಿಕಾರ ಹೆಜ್ಜೆಗಳೂ ಅದೇ ಮೂರು ಬೆರಳಿನವರದ್ದು. 1999ರಲ್ಲಿ ಇದು ಪ್ರಕಟವಾಯಿತು. ಕೆಟ್ಟ ಹೆಜ್ಜೆ ಎಂದು ಬದಿಗೆ ಸರಿಸಿದ್ದರಲ್ಲೇ ಪಾದ ಹೇಗೆ ಚಲಿಸಿತು ಎಂಬುದು ಬರೆದಿತ್ತು. ಚೊಕ್ಕ ಹೆಜ್ಜೆ ಅಷ್ಟು ಹೇಳದು.

ಅವರು ಅಲ್ಲಿಗೆ ಬಿಡಲಿಲ್ಲ. ಕೆಸರಿನೊಳಗೆ ಕಾಲು ಏನು ಮಾಡುತ್ತದೆ ಎಂದು ಕಾಣಬೇಕಲ್ಲ? ಎಕ್ಸ್‌ರೇ ಬೇಕು, ಅದು ಹಾದುಹೋಗುವಂಥ ನೆಲವೂ ಬೇಕು. ಪೀಟರ್ ಫಾಕಿಂಗ್‌ಹ್ಯಾಮ್ ಮತ್ತು ಗೇಟ್ಸಿ ಗಿನಿಕೋಳಿಯನ್ನು ಗಸಗಸೆಯ ಹಾಸಿನ ಮೇಲೆ ನಡೆಸಿ ಎರಡು ಕಡೆಯಿಂದ ಎಕ್ಸ್‌ರೇ ವಿಡಿಯೋ ತೆಗೆದರು. ಆಮೇಲೆ ಕಂಪ್ಯೂಟರಿನಲ್ಲಿ ಕಾಳುಕಾಳನ್ನೂ ಲೆಕ್ಕಕ್ಕೆ ಹಿಡಿದು, ಪ್ರತಿ ಪದರದಲ್ಲಿ ಹೆಜ್ಜೆ ಹೇಗೆ ಮೂಡುತ್ತದೆ ಎಂದು ಮತ್ತೆ ಕಟ್ಟಿದರು. 2014ರಲ್ಲಿ ಅದೂ ಬಂತು. ಇದನ್ನು ಮನೆಯಲ್ಲಿ ಓದಿ ಹೇಳಿದೆ. "ಗಸಗಸೆ ಕೇಜಿಗೆ ಎಷ್ಟು ಅಂತ ಗೊತ್ತಾ ಅವರಿಗೆ?" ಎಂದಳು ನನ್ನ ಹೆಂಡತಿ. ಪಾಯಸಕ್ಕೆ ಎರಡು ಚಮಚ ಹಾಕಲು ಯೋಚಿಸುವ ಮನೆ ನಮ್ಮದು.

ಇಷ್ಟೆಲ್ಲ ಮಾಡಿ ಪಾದವನ್ನೂ ಮಣ್ಣನ್ನೂ ಬಿಡಿಸಿದ ಮೇಲೂ ಒಂದು ಗಂಟು ಹಾಗೇ ಉಳಿಯುತ್ತದೆ. ಎರಡು ಹೆಜ್ಜೆ ಅಕ್ಕಪಕ್ಕ ಇದ್ದರೆ, ಅವು ಒಂದೇ ಹೊತ್ತಿನವಾ?

ನಮ್ಮ ತೋಟದ ಅಗಳದ ಬದಿಯಲ್ಲಿ ಆಗಾಗ ಕಾಟಿಯ ಗೊರಸು ಬಿದ್ದಿರುತ್ತದೆ. ಅದರ ಮೇಲೇ ನಮ್ಮ ನಾಯಿಯ ಹೆಜ್ಜೆ. ಅಡಿಕೆಕೊನೆ ಕೊಯ್ಲಿಗೆ ಬಂದ ಹುಡುಗರು ನೋಡಿ, "ಫಾರೆಸ್ಟ್ರೇ, ನಾಯಿ ಕಾಟಿನ ಅಟ್ಟಿಸ್ಕಂಡ್ ಹೋಗಿದೆ ಮಾರಾಯ್ರೇ!" ಎನ್ನುತ್ತಾರೆ. ನಮ್ಮ ನಾಯಿ ಎಂಥದ್ದು ಎಂದು ನನಗೆ ಗೊತ್ತು. ಕಾಟಿಯ ವಾಸನೆ ಬಂದರೆ ಕೊಟ್ಟಿಗೆಯ ಮೂಲೆ ಸೇರುತ್ತದೆ, ಬೆಳಕು ಹರಿದ ಮೇಲೆ ಮೂಸಿಕೊಂಡು ಹೋಗಿ ಪೌರುಷ ತೋರಿಸುತ್ತದೆ. ಗೊರಸಿನ ಅಂಚು ಒಣಗಿ ಬಿರಿದಿದೆಯಾ, ಒಳಗೆ ಇಬ್ಬನಿ ಕೂತಿದೆಯಾ, ಎಲೆ ಬಿದ್ದು ಅದರ ಮೇಲೆ ನಾಯಿ ಕಾಲಿಟ್ಟಿದೆಯಾ ಎಂದು ನೋಡಿದರೆ ನಡುವೆ ರಾತ್ರಿಯೆಲ್ಲ ಕಳೆದದ್ದು ಗೊತ್ತಾಗುತ್ತದೆ. ಕಲ್ಲಿನಲ್ಲಿ ಅಷ್ಟು ಉಳಿದಿರುವುದು ಕಮ್ಮಿ. ಮಳೆಹನಿಯ ಗುಳಿ ಹೆಜ್ಜೆಯ ಒಳಗೂ ಇದೆಯೋ ಇಲ್ಲವೋ, ಕೆಸರು ಬಿರಿದ ಗೆರೆ ಹೆಜ್ಜೆಯನ್ನು ಸೀಳಿದೆಯೋ ಸುತ್ತಿಕೊಂಡು ಹೋಗಿದೆಯೋ, ಇಂಥದ್ದನ್ನು ಭೂವಿಜ್ಞಾನಿಗಳೂ ನೋಡುತ್ತಾರೆ. ಸಿಕ್ಕಿದರೆ ಭಾಗ್ಯ.

ಆಕ್ಸ್‌ಫರ್ಡ್‌ಶೈರ್‌ನಲ್ಲಿ ನಾಲ್ಕು ಸಾಲು ನೀಳಕತ್ತಿನ ಸಸ್ಯಾಹಾರಿಗಳದ್ದು, ಬಹುಶಃ 18 ಮೀಟರ್‌ವರೆಗೆ ಬೆಳೆಯುತ್ತಿದ್ದ ಸೀಟಿಯೋಸಾರಸ್. ಐದನೆಯದು ಮೂರು ಬೆರಳಿನ ಮಾಂಸಾಹಾರಿ ಮೆಗಲೋಸಾರಸ್‌ನದ್ದು. 1824ರಲ್ಲಿ ವಿಲಿಯಂ ಬಕ್ಲೆಂಡ್ ಹೆಸರಿಟ್ಟ ಪ್ರಾಣಿ ಅದು, ವಿಜ್ಞಾನದ ಪುಸ್ತಕಕ್ಕೆ ಹೆಸರು ಹತ್ತಿದ ಮೊದಲ ಡೈನೋಸಾರ್. ಒಂದು ಕಡೆ ಎರಡೂ ಸಾಲು ಅಡ್ಡಹಾಯುತ್ತವೆ. ಸಸ್ಯಾಹಾರಿಯ ದೊಡ್ಡ ಗುಂಡು ಹೆಜ್ಜೆಯ ಮುಂದಿನ ಅಂಚನ್ನು ಮೂರು ಬೆರಳು ತುಳಿದು ಚಪ್ಪಟೆ ಮಾಡಿವೆ. ಯಾವುದು ಮೊದಲು ಹೋಯಿತು ಎಂಬುದು ಇಷ್ಟರಿಂದಲೇ ಸ್ಪಷ್ಟ. ಎಷ್ಟು ಹೊತ್ತಿನ ಮೇಲೆ ಎರಡನೆಯದು ಬಂತು ಎನ್ನುವುದು ಅಲ್ಲಿ ಬರೆದಿಲ್ಲ. ಪತ್ರಿಕೆಗಳಿಗೆ ಅದೇ ಬೇಕು.

ಇದೇ ಗಂಟು ಟೆಕ್ಸಾಸ್‌ನ ಪಲಕ್ಸಿ ಹೊಳೆಯಲ್ಲೂ ಇದೆ. ಮೊದಲು ಹೇಳಿದ ರೋಲೆಂಡ್ ಬರ್ಡ್ ಅಲ್ಲಿಗೆ 1938ರಲ್ಲಿ ಹೋದರು. ಹೊಳೆಯ ತಳದ ಕಲ್ಲಿನಲ್ಲಿ ದೊಡ್ಡ ಸಸ್ಯಾಹಾರಿಯ ಸಾಲು, ಅದರ ಪಕ್ಕಕ್ಕೇ ಮಾಂಸಾಹಾರಿಯ ಸಾಲು. ಒಂದು ಕಡೆ ಮಾಂಸಾಹಾರಿಯ ಒಂದು ಹೆಜ್ಜೆ ಕಾಣೆ. ಅಲ್ಲಿ ಅದು ಹಾರಿ ಬಾಯಿ ಹಾಕಿರಬೇಕು ಎಂಬ ಕಥೆ ಹುಟ್ಟಿತು. ಕಲ್ಲನ್ನು ತುಂಡು ತುಂಡಾಗಿ ಎಬ್ಬಿಸಿ ಒಂದು ಭಾಗ ನ್ಯೂಯಾರ್ಕಿಗೆ ಸಾಗಿಸಿದರು, ಅಲ್ಲಿನ ಮ್ಯೂಸಿಯಂನಲ್ಲಿ ನೀಳಕತ್ತಿನ ಅಸ್ಥಿಪಂಜರದ ಹಿಂದೆ ಅದನ್ನು ಜೋಡಿಸಿಟ್ಟಿದ್ದಾರೆ. ಮಾಂಸಾಹಾರಿ ಹಿಂಬಾಲಿಸಿದ್ದು ಇರಬಹುದು, ಸಾಲು ಬಾಗಿದ ಕಡೆ ಇದೂ ಬಾಗಿದೆ. ಒಂದು ಹೆಜ್ಜೆ ಕಾಣದ್ದಕ್ಕೆ ಬಾಯಿ ಹಾಕಿದ್ದು ಎಂದರೆ ನಾನು ಒಪ್ಪುವುದಿಲ್ಲ. ಹೆಜ್ಜೆ ಮೂಡದೆ ಇರುವುದಕ್ಕೆ ಕೆಸರಿಗೆ ನೂರು ಕಾರಣ. ಅದೇ ಹೊಳೆಯಲ್ಲಿ ಉದ್ದನೆಯ ಕೆಲವು ಗುರುತುಗಳನ್ನು ದೈತ್ಯ ಮನುಷ್ಯರ ಹೆಜ್ಜೆ ಎಂದೂ ಪ್ರಚಾರ ಮಾಡಿದವರಿದ್ದರು. ಡೈನೋಸಾರ್ ಹಿಮ್ಮಡಿ ಊರಿ ನಡೆದು, ಬೆರಳಿನ ಗುರುತು ಮಣ್ಣು ತುಂಬಿ ಮುಚ್ಚಿಹೋದರೆ ಹಾಗೆ ಕಾಣುತ್ತದೆ. ಕಷ್ಟಕಾಲದಲ್ಲಿ ಊರವರು ಕೆತ್ತಿ ಮಾರಿದವೂ ಉಂಟು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಲಾರ್ಕ್ ಕ್ವಾರಿಯದ್ದು ಇನ್ನೂ ದೊಡ್ಡ ಪ್ರಕರಣ. ಒಂಬತ್ತು ಕೋಟಿ ವರ್ಷಕ್ಕೂ ಹಿಂದಿನ, ಸುಮಾರು 3,300 ಹೆಜ್ಜೆಗಳ ಚಪ್ಪಡಿ. 1984ರಲ್ಲಿ ಟೋನಿ ಥಲ್‌ಬಾರ್ನ್ ಮತ್ತು ಮೇರಿ ವೇಡ್ ಅದನ್ನು ಓದಿದ್ದು ಹೀಗೆ: ದೊಡ್ಡ ಮಾಂಸಾಹಾರಿಯೊಂದು ಬಂತು, ಸುಮಾರು 150 ಸಣ್ಣ ಡೈನೋಸಾರ್‌ಗಳು ದಿಕ್ಕೆಟ್ಟು ಓಡಿದವು. ಜಗತ್ತಿನ ಏಕೈಕ ಡೈನೋಸಾರ್ ಕಾಲ್ತುಳಿತ ಎಂದು ಅದಕ್ಕೆ ಹೆಸರಾಯಿತು, ಮೇಲೆ ಕಟ್ಟಡ ಬಂತು, ಪ್ರವಾಸಿಗರು ಬಂದರು. ಆಂಥೊನಿ ರೊಮಿಲಿಯೊ ಮತ್ತು ಸ್ಟೀವ್ ಸಾಲ್ಸ್‌ಬರಿ 2011ರಲ್ಲಿ, ಆ ದೊಡ್ಡ ಪ್ರಾಣಿ ಮಾಂಸಾಹಾರಿ ಅಲ್ಲ, ಮುಟ್ಟಬುರಾಸಾರಸ್‌ನಂಥ ಸಸ್ಯಾಹಾರಿ ಎಂದರು. 2013ರಲ್ಲಿ ಇನ್ನೂ ಮುಂದೆ ಹೋಗಿ, ಸಣ್ಣ ಹೆಜ್ಜೆಗಳಲ್ಲಿ ಎಷ್ಟೋ ಹೆಜ್ಜೆಗಳೇ ಅಲ್ಲ, ನೀರಿನಲ್ಲಿ ತೇಲುತ್ತಾ ಬೆರಳತುದಿಯಿಂದ ತಳ ಗೀರಿದ ಗುರುತು. ಒಂದೇ ಹೊತ್ತಿನಲ್ಲಿ ಆದದ್ದೂ ಅಲ್ಲ, ಹೊಳೆ ದಾಟುವ ಜಾಗದಲ್ಲಿ ದಿನಗಟ್ಟಲೆ ಕೂಡಿದ್ದು ಎಂದರು. ಹಳೆಯವರು ಒಪ್ಪಲಿಲ್ಲ, ಜಗಳ ಪತ್ರಿಕೆಗಳಲ್ಲಿ ಮುಂದುವರಿಯಿತು. ನನ್ನ ಓಟು ಹೊಳೆ ದಾಟುವವರ ಕಡೆಗೆ. ಲಕ್ಕವಳ್ಳಿಯ ಹಿನ್ನೀರಿನ ಅಂಚಿನಲ್ಲಿ ಪ್ರಾಣಿಗಳು ನೀರಿಗಿಳಿಯುವ ದಾರಿ ನೋಡಿದರೆ, ಯಾರೋ ಹೊಡೆದಟ್ಟಿದ ಹಾಗೇ ಕಾಣುತ್ತದೆ. ಎಲ್ಲವೂ ಒಂದೇ ದಿಕ್ಕಿಗೆ, ಒಂದರ ಮೇಲೊಂದು. ಅಟ್ಟಿದವರು ಯಾರೂ ಇಲ್ಲ, ಬಾಯಾರಿಕೆ ಅಷ್ಟೆ.

ಹಿಂಡಿನ ವಿಷಯದಲ್ಲೂ ಹೀಗೆಯೇ ಒಂದು ತಿದ್ದುಪಡಿ ಆಗಿದೆ. ಟೆಕ್ಸಾಸ್‌ನ ಡೇವನ್‌ಪೋರ್ಟ್ ರಾಂಚ್‌ನಲ್ಲಿ 23 ನೀಳಕತ್ತಿನವು ಒಂದೇ ಕಡೆ ಹೋದ ಗುರುತಿದೆ. ಆನೆಗಳ ಹಾಗೆ ಮರಿಗಳನ್ನು ನಡುವೆ ಇಟ್ಟುಕೊಂಡು ದೊಡ್ಡವು ಸುತ್ತುವರಿದಿದ್ದವು ಎಂದು ರಾಬರ್ಟ್ ಬಾಕರ್ 1968ರಲ್ಲಿ ಬರೆದರು. ಆಮೇಲೆ ಮಾರ್ಟಿನ್ ಲಾಕ್ಲಿ ಯಾವ ಹೆಜ್ಜೆ ಯಾವುದರ ಮೇಲೆ ಬಿದ್ದಿದೆ ಎಂದು ನಕ್ಷೆ ಹಿಡಿದು ನೋಡಿದರೆ, ದೊಡ್ಡವು ಮುಂದೆ ಹೋಗಿ ಸಣ್ಣವು ಹಿಂದಿನಿಂದ ಅದನ್ನೇ ತುಳಿದುಕೊಂಡು ಬಂದಿವೆ. ಹಿಂಡೇನೋ ಇತ್ತು, ಆದರೆ ಕಾವಲು ಇತ್ತು ಎನ್ನಲು ಆಧಾರ ಸಾಲದು.

ಹಾಗಾದರೆ ನಮ್ಮ ಮಲೆನಾಡಿನಲ್ಲಿ? ಸಿಗುವುದಿಲ್ಲ. ಡೈನೋಸಾರ್‌ಗಳ ಕಾಲ ಸುಮಾರು 23 ಕೋಟಿ ವರ್ಷದಿಂದ 6.6 ಕೋಟಿ ವರ್ಷದ ಹಿಂದಿನವರೆಗೆ. ನಮ್ಮ ಕಾಲಡಿಯ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಶಿವಮೊಗ್ಗದ ಶಿಲಾಪಟ್ಟಿಯ ಡಾಲೊಮೈಟ್ ಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರುಪದರಿನ ಗುರುತುಗಳಿವೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಟ್ಟಿದ್ದು. ಆಗ ಭೂಮಿಯ ಮೇಲೆ ಕಾಲೇ ಇರಲಿಲ್ಲ. ಡೈನೋಸಾರ್ ಇಲ್ಲಿ ಓಡಾಡಿರಲಿಕ್ಕಿಲ್ಲ ಎಂದು ಇದರರ್ಥವಲ್ಲ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಕಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ, ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಆಗ ಈ ನೆಲ ನೆಲವಾಗೇ ಇತ್ತು. ಆದರೆ ಹೆಜ್ಜೆ ಉಳಿಯಬೇಕಾದರೆ ಅದರ ಮೇಲೆ ಬೇಗ ಮರಳೋ ಮಣ್ಣೋ ಕೂತು, ಕೂತದ್ದು ಕಲ್ಲಾಗಬೇಕು. ನಮ್ಮದು ಕೂರುವ ನೆಲವಲ್ಲ, ಕೊಚ್ಚಿಹೋಗುವ ನೆಲ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಲ್ಲಿ ನಿನ್ನೆಯ ಹೆಜ್ಜೆಯೇ ಇಂದಿಗೆ ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ನೋಡಬೇಕೆಂದರೆ ರಾಜಸ್ಥಾನದ ಜೈಸಲ್ಮೇರ್ ಕಡೆ. ಥಾಯಾತ್ ಎಂಬ ಹಳ್ಳಿಯ ಬಳಿ ಜುರಾಸಿಕ್ ಕಾಲದ ಮೂರು ಬೆರಳಿನ ಹೆಜ್ಜೆಗಳು ಸಿಕ್ಕಿವೆ. ಈಗ ಮರುಭೂಮಿ, ಆಗ ಕಡಲಂಚು.

ಆದರೂ ಊರೂರಿಗೆ ಒಂದೊಂದು ಭೀಮನ ಹೆಜ್ಜೆ ಇದ್ದೇ ಇದೆ. ನಮ್ಮ ಪಕ್ಕದ ಹಳ್ಳಿಯಲ್ಲೂ ಜಂಬಿಟ್ಟಿಗೆ ಹಾಸುಗಲ್ಲಿನ ಮೇಲೆ ಒಂದು ಮೀಟರ್ ಉದ್ದದ ಗುಂಡಿ, ಐದು ಬೆರಳು ಹುಡುಕಿದರೆ ಕಾಣುತ್ತದೆ. ಹೈಸ್ಕೂಲಿನ ಮೇಷ್ಟ್ರೊಬ್ಬರು ಮಕ್ಕಳನ್ನು ಕರೆತಂದಿದ್ದರು, ನನಗೂ ಬರಹೇಳಿದ್ದರು. ಅಲೆಕ್ಸಾಂಡರರ ಲೆಕ್ಕ ಹೇಳಿಕೊಟ್ಟು, "ಒಂದು ಹೆಜ್ಜೆಯಿಂದ ಏನೂ ಗೊತ್ತಾಗಲ್ಲ, ಎರಡನೆಯದು ಎಲ್ಲಿ?" ಎಂದು ಕೇಳಿದೆ.

ಹಿಂದಿನ ಸಾಲಿನ ಹುಡುಗ ಕೈ ಎತ್ತಿದ. "ಕುಂದಾದ್ರಿ ಮೇಲೆ ಇರ್ತದೆ ಸಾರ್. ಭೀಮ ಅಲ್ವಾ."

ಕುಂದಾದ್ರಿ ಅಲ್ಲಿಂದ ಹತ್ತು ಕಿಲೋಮೀಟರ್ ಅಂತ ಇಟ್ಟುಕೊಂಡು, ದಾಪು ಇಪ್ಪತ್ತು ಕಿಲೋಮೀಟರ್, ಸೊಂಟ ನಾಲ್ಕು ಮೀಟರ್ ಎಂದು ಮೊಬೈಲಿನಲ್ಲಿ ಹಾಕಿ ತೋರಿಸಿದೆ. ಸೆಕೆಂಡಿಗೆ 2,300 ಕಿಲೋಮೀಟರಿಗೂ ಹೆಚ್ಚು ಬಂತು. "ನೋಡು, ಈ ವೇಗದಲ್ಲಿ ಹೋದವನು ಕುಂದಾದ್ರಿಯಲ್ಲಿ ನಿಲ್ಲಕ್ಕೇ ಆಗ್ತಿರಲಿಲ್ಲ" ಎಂದೆ.

"ನಿಲ್ಲಲಿಲ್ಲ ಸಾರ್. ಅದಕ್ಕೇ ಮೂರನೇದು ಎಲ್ಲೂ ಸಿಕ್ಕಿಲ್ಲ."